ಮಕ್ಕಳಿಗೆ ಶುಚಿತ್ವದ ಶಿಕ್ಷಣ: ಮನೆಯ ಹೊಣೆಯೋ, ಶಾಲೆಯ ಹೊಣೆಯೋ?

ಮಗುವಿನ ಉಗುರಿನಲ್ಲಿ ಮಣ್ಣು ಕಂಡಾಗ ಉಪಾಧ್ಯಾಯರು ತಂದೆತಾಯಿಗಳನ್ನು ದೂರುತ್ತಾರೆ. ಅದೇ ಮಗು ಶಾಲೆಯಿಂದ ಕಜ್ಜಿಯನ್ನೋ ಹೇನನ್ನೋ ಅಂಟಿಸಿಕೊಂಡು ಬಂದಾಗ ತಂದೆತಾಯಿಗಳು ಉಪಾಧ್ಯಾಯರನ್ನು ದೂರುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಂತೆ ಇಬ್ಬರ ನಡುವೆ ನಿಂತ ಮಗು ಕೈ ತೊಳೆಯದೆಯೇ ಉಣ್ಣಲು ಕೂರುತ್ತದೆ. ಹಲ್ಲುಜ್ಜುವುದು, ಮೈತೊಳೆಯುವುದು, ಶೌಚದ ನಂತರ ಕೈ ಶುದ್ಧಿ ಮಾಡಿಕೊಳ್ಳುವುದು, ಇವನ್ನು ಮಗುವಿಗೆ ಕಲಿಸಬೇಕಾದವರು ಯಾರು? ವಾಚಕರೇ, ಪೋಷಕರ ಸಭೆಗಳಲ್ಲಿ ಈ ಪ್ರಶ್ನೆಯನ್ನು ಈಚಿನ ಕಾಲದ ಸಮಸ್ಯೆಯೆಂಬಂತೆ ಚರ್ಚಿಸುವುದುಂಟು. ವಾಸ್ತವವಾಗಿ ಇದಕ್ಕೆ ನೂರೈವತ್ತು ವರ್ಷಗಳಿಗೂ ಮಿಗಿಲಾದ ಚರಿತ್ರೆಯಿದೆ. ಆ ಚರಿತ್ರೆಯನ್ನು ಅರಿಯದೆ ತೀರ್ಪು ಹೇಳಹೊರಟವರು ಸಾಮಾನ್ಯವಾಗಿ ಬಡತಾಯಿಯೊಬ್ಬಳ ಮೇಲೆ ತಪ್ಪು ಹೊರಿಸಿ ಸುಮ್ಮನಾಗುತ್ತಾರೆ.

ಈ ವಿಚಾರಕ್ಕೆ ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆ ವಿಶೇಷವಾಗಿ ಒದಗಿಬರುತ್ತದೆ. ನಾಲ್ಕನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನು ಮಡಿದ 1799ರಲ್ಲಿ ಕೊಳ್ಳೇಗಾಲವು ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಈಚೆಗೆ ಪ್ರತ್ಯೇಕ ತಾಲ್ಲೂಕಾಗಿರುವ ಹನೂರು ಆಗ ಆ ತಾಲ್ಲೂಕಿನದೇ ಭಾಗವಾಗಿದ್ದಿತು. ಪಕ್ಕದ ಯಳಂದೂರಾದರೋ ಮೈಸೂರು ಸಂಸ್ಥಾನದೊಳಗೆ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಒಂದೇ ಭಾಷೆ, ಒಂದೇ ರಾಗಿಮುದ್ದೆ, ಒಂದೇ ಮಾದೇಶ್ವರನ ಪರಸೆ; ಆದರೆ ಸರ್ಕಾರ ಎರಡು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲವು ಮೈಸೂರು ರಾಜ್ಯವನ್ನು ಸೇರಿತು. 1997ರಲ್ಲಿ ಈ ಸೀಮೆಯೆಲ್ಲವೂ ಹೊಸದಾಗಿ ರಚಿತವಾದ ಚಾಮರಾಜನಗರ ಜಿಲ್ಲೆಗೆ ಬಂದಿತು. ಒಂದೇ ಜನರು ಎರಡು ಸರ್ಕಾರಗಳ ಶಾಲೆಗಳಲ್ಲಿ ಓದಿದ ಇಂತಹ ಪ್ರದೇಶದಲ್ಲಿ ಮನೆ ಕಲಿಸಿದ್ದೇನು, ಶಾಲೆ ಕಲಿಸಿದ್ದೇನು ಎಂಬುದನ್ನು ಬಿಡಿಸಿ ನೋಡುವುದು ಸುಲಭ.

ಮೊದಲು ಮನೆಯ ಮಾತು. ಶಾಲೆಯೆಂಬುದು ಹಳ್ಳಿಗೆ ಕಾಲಿಡುವ ಮುನ್ನವೂ ನಮ್ಮ ಹಿರಿಯರು ಶುಚಿತ್ವವನ್ನು ಅರಿಯದವರಾಗಿರಲಿಲ್ಲ. ಬೆಳಗಾಗ ಅಂಗಳ ಗುಡಿಸಿ ಸಗಣಿನೀರು ಚಿಮುಕಿಸುವುದು, ಬೇವಿನ ಕಡ್ಡಿಯಿಂದಲೋ ಇದ್ದಿಲಿನ ಪುಡಿಯಿಂದಲೋ ಹಲ್ಲುಜ್ಜುವುದು, ಹೊರಗಿನಿಂದ ಬಂದವರು ಕಾಲು ತೊಳೆದಲ್ಲದೆ ಒಳಗೆ ಬಾರದಿರುವುದು, ಎಡಗೈ ಬಲಗೈಗಳ ಕೆಲಸವನ್ನು ಬೇರ್ಪಡಿಸುವುದು, ಬಿಂದಿಗೆಯ ನೀರಿಗೆ ಎಂಜಲು ಚೊಂಬನ್ನು ಅದ್ದದಿರುವುದು, ಪಾತ್ರೆಯನ್ನು ಬೂದಿ ಹಾಕಿ ತಿಕ್ಕುವುದು, ವಾರಕ್ಕೊಮ್ಮೆ ಎಣ್ಣೆ ಸೀಗೆಕಾಯಿಯ ಅಭ್ಯಂಜನ, ಇವೆಲ್ಲ ಯಾವ ಪುಸ್ತಕದಿಂದಲೂ ಬಂದುವಲ್ಲ. ಇವುಗಳಲ್ಲಿ ಹಲವಕ್ಕೆ ವಿಜ್ಞಾನದ ಸಮ್ಮತಿಯೂ ಇದೆ. ತಾಮ್ರದ ಪಾತ್ರೆಯಲ್ಲಿ ರಾತ್ರಿಯಿಡೀ ಇಟ್ಟ ನೀರಿನಲ್ಲಿ ರೋಗಾಣುಗಳು ಕುಗ್ಗುತ್ತವೆಂಬುದು ಪ್ರಯೋಗಗಳಿಂದ ತಿಳಿದಿದೆ. ಒಲೆಯ ಬೂದಿ ಕ್ಷಾರಗುಣವುಳ್ಳದ್ದಾದುದರಿಂದ ಜಿಡ್ಡನ್ನು ಬಿಡಿಸುತ್ತದೆ. ಆದರೆ ಬೂದಿಯಿಲ್ಲದಾಗ ಹಿತ್ತಿಲಿನ ಮಣ್ಣಿನಿಂದ ಕೈ ಉಜ್ಜುವ ಪದ್ಧತಿಗೆ ಈ ಮಾತು ಸಲ್ಲದು. ಬಯಲಿಗೆ ಹೋಗುವ ಊರಿನ ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿರಬಲ್ಲವು.

ಈ ಮನೆಪಾಠವನ್ನು ಕಲಿಸುತ್ತಿದ್ದವರು ಹೆಂಗಸರು. ತಂದೆ ಮಗುವಿನ ಮೂಗನ್ನು ಒರೆಸಿದ್ದನ್ನು ಕಂಡವರು ನಮ್ಮ ಹಳ್ಳಿಗಳಲ್ಲಿ ಅಪರೂಪ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ಇದೇ ಯಳಂದೂರಿನವಳು. ಗೃಹಿಣಿಯ ಕರ್ತವ್ಯಗಳನ್ನು ನಿರೂಪಿಸುವ ಅವಳ ‘ಹದಿಬದೆಯ ಧರ್ಮ’ ಹದಿನೇಳನೆಯ ಶತಮಾನದ ಉತ್ತರಾರ್ಧದ ಸಾಂಗತ್ಯ ಕೃತಿ. ಮನೆಯನ್ನು ಮನೆಯಾಗಿ ಇರಿಸುವ ಭಾರವೆಲ್ಲ ಸ್ತ್ರೀಯದೆಂಬ ಕಾಲದಲ್ಲಿ ಬರೆದರೂ ಹೆಣ್ಣುಮಗುವನ್ನು ಕೀಳಾಗಿ ಕಾಣುವವರನ್ನು ಆಕೆ ಪ್ರಶ್ನಿಸದೆ ಬಿಟ್ಟಿಲ್ಲ. ಶುಚಿತ್ವವನ್ನು ‘ಹೆತ್ತವರು’ ಕಲಿಸಲಿ ಎಂದು ಈಗ ಯಾರಾದರೂ ಸಭೆಯಲ್ಲಿ ಹೇಳಿದಾಗ ಆ ಮಾತಿನ ಅರ್ಥ ‘ತಾಯಿ ಕಲಿಸಲಿ’ ಎಂದೇ ಆಗಿರುತ್ತದೆ. ಆ ತಾಯಿ ಮುಂಜಾನೆ ಎರಡು ಮೂರು ಕೊಡ ನೀರು ಹೊತ್ತು, ಮುದ್ದೆ ತೊಳಸಿಟ್ಟು, ಕೂಲಿಗೋ ನೂಲು ಬಿಚ್ಚಲೋ ಹೊರಡುವವಳೆಂಬುದನ್ನು ಸಭಿಕರು ನೆನೆಯಬೇಕು.

ಮನೆಪಾಠದಲ್ಲಿ ಇನ್ನೊಂದು ಕೊರತೆಯೂ ಇದ್ದಿತು. ಮಡಿಯನ್ನೇ ಶುಚಿಯೆಂದು ತಿಳಿದ ಮನೆಗಳು ಎಷ್ಟೋ. ಮಡಿಯುಟ್ಟವರು ಮುಟ್ಟಿದ ನೀರು ಕಲುಷಿತವಾಗಿದ್ದರೂ ಕುಡಿಯಲು ಯೋಗ್ಯ. ‘ಮುಟ್ಟಬಾರದವರು’ ಮುಟ್ಟಿದ ನೀರು ಕಾದಾರಿದ್ದರೂ ಅಯೋಗ್ಯ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದ್ದರೆಂಬುದು ಈ ಪತ್ರಿಕೆಯ ವಾಚಕರಿಗೆ ಹೊಸತಲ್ಲ. ಬಟ್ಟೆ ಒಗೆಯುವ ಮಾಚಯ್ಯನವರಿಗೂ ಅಂಗಳ ಗುಡಿಸುವ ಸತ್ಯಕ್ಕನವರಿಗೂ ಅನುಭವ ಮಂಟಪದಲ್ಲಿ ಆಸನವಿದ್ದಿತು. ಕೊಳೆ ತೆಗೆಯುವ ಕೆಲಸವನ್ನು ಕಾಯಕವೆಂದರು. ಕೊಳೆಯನ್ನು ಜಾತಿಯೊಡನೆ ಬೆಸೆಯುವುದನ್ನು ಒಪ್ಪಲಿಲ್ಲ. ಹಾಗಿದ್ದರೂ ಶರಣರನ್ನು ಪೂಜಿಸುವ ನಮ್ಮ ಮನೆಗಳಲ್ಲಿಯೇ ಬಾವಿಯ ಹಗ್ಗವನ್ನು ಯಾರು ಮುಟ್ಟಬೇಕು, ಯಾರು ಮುಟ್ಟಬಾರದು ಎಂಬ ಲೆಕ್ಕ ಉಳಿದುಕೊಂಡಿತು. ಇದನ್ನು ಒಪ್ಪಿಕೊಳ್ಳದೆ ಮುಂದೆ ಬರೆಯುವುದು ಪ್ರಾಮಾಣಿಕತೆಯಾಗದು. ಊರಬಾವಿಗೆ ಬಿಡದೆ ದೂರವಿಟ್ಟ ಕೇರಿಯ ಮಗುವಿನ ಮೈ ಕೊಳೆಯಾಗಿತ್ತೆಂದು ಅದೇ ಊರು ಹಳಿಯಿತು.

ಕೊಳೆಗೂ ರೋಗಕ್ಕೂ ಇರುವ ನಿಜವಾದ ಸಂಬಂಧ ಜಗತ್ತಿಗೇ ತಡವಾಗಿ ತಿಳಿದ ಸಂಗತಿ. ಹೆರಿಗೆ ಮಾಡಿಸುವ ವೈದ್ಯರು ಕೈ ತೊಳೆದರೆ ಬಾಣಂತಿಯರ ಸಾವು ತಗ್ಗುತ್ತದೆಂದು ವಿಯೆನ್ನಾ ನಗರದಲ್ಲಿ ಸೆಮ್ಮೆಲ್‌ವೈಸ್ ತೋರಿಸಿದ್ದು 1847ರಲ್ಲಿ. ಆತನ ಸಹೋದ್ಯೋಗಿಗಳಲ್ಲಿ ಬಹುಮಂದಿ ಅದನ್ನು ನಂಬಲಿಲ್ಲ. ಕಾಲರಾ ಕುಡಿಯುವ ನೀರಿನ ಮೂಲಕ ಹರಡುತ್ತದೆಂದು ಲಂಡನ್ನಿನಲ್ಲಿ ಜಾನ್ ಸ್ನೋ 1854ರಲ್ಲಿ ಸಾಧಿಸಿದನು. ಅದರ ರೋಗಾಣುವನ್ನು ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತೆಯ ಕೆರೆಯ ನೀರಿನಲ್ಲಿಯೂ ಗುರುತಿಸಿದನು. ಮಲೇರಿಯಾ ಸಂಶೋಧನೆಗೆ ಹೆಸರಾದ ರೊನಾಲ್ಡ್ ರಾಸ್ 1895ರಲ್ಲಿ ಕಾಲರಾ ತಡೆಗಾಗಿ ನಿಯುಕ್ತನಾಗಿ ಬೆಂಗಳೂರಿನ ಬಾವಿ ಚರಂಡಿಗಳ ಮೇಲ್ವಿಚಾರಣೆ ನಡೆಸಿದವನು. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳಂಥ ಗಾಳಿಬೆಳಕಿನ ಬಡಾವಣೆಗಳು ಬೆಳೆದುವು. ಮೈಸೂರಿನಲ್ಲಿ ನಗರಾಭಿವೃದ್ಧಿ ಮಂಡಲಿ ಹುಟ್ಟಿತು. ಹೀಗೆ ಹೊಸ ಜ್ಞಾನವು ಮೊದಲು ನಗರಕ್ಕೆ ಬಂದಿತು, ಅದೂ ಸರ್ಕಾರದ ಆಜ್ಞೆಯಾಗಿ ಬಂದಿತು. ಹಳ್ಳಿಯ ತಾಯಿಗೆ ಅದನ್ನು ಯಾರೂ ಹೇಳಲಿಲ್ಲ. ಹೇಳಬಲ್ಲವನೊಬ್ಬನಿದ್ದರೆ ಅವನು ಶಾಲೆಯ ಮೇಷ್ಟರು ಮಾತ್ರ.

ಆದರೆ ಆ ಶಾಲೆ ಎಂಥದಿದ್ದಿತು? ನಮ್ಮಲ್ಲಿ ಮೊದಲು ಇದ್ದುದು ಜಗಲಿಯ ಮೇಲಿನ ಕೂಲಿಮಠ, ಐಗಳ ಮಠಗಳು. ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿ ಕಲಿತು, ಓಲೆ ಓದಲು ಬಂದರೆ ಅಲ್ಲಿಗೆ ವಿದ್ಯೆ ಪೂರೈಸಿತು. ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ 1868ರಿಂದ ಹೋಬಳಿ ಶಾಲೆಗಳು ಆರಂಭವಾದುವು. ಶಾಲೆಗೆ ಕಟ್ಟಡವನ್ನು ಊರವರೇ ಒದಗಿಸಬೇಕಾಗಿದ್ದಿತು. ಚಾವಡಿಯೋ ಗುಡಿಯ ಪ್ರಾಂಗಣವೋ ಶಾಲೆಯಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಶಾಸನ ಬಂದಿತು. ಗಡಿಯಾಚೆ ಮದರಾಸು ಪ್ರಾಂತದಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆಯಾದುದು 1920ರಲ್ಲಿ. ಕೊಳ್ಳೇಗಾಲವಾದರೋ ಕೊಯಮತ್ತೂರು ಜಿಲ್ಲೆಯ ಉತ್ತರದ ಅಂಚಿನಲ್ಲಿ, ತಮಿಳು ಜಿಲ್ಲೆಯೊಳಗಿನ ಕನ್ನಡ ತಾಲ್ಲೂಕಾಗಿ, ಇರುಕಿನಲ್ಲಿ ಸಿಕ್ಕಿತ್ತು. ಎರಡು ಕಡೆಯ ಕಾಯಿದೆಗಳೂ ಮಗುವನ್ನು ಶಾಲೆಗೆ ಕರೆತರುವುದನ್ನು ಯೋಚಿಸಿದುವು. ಶಾಲೆಗೆ ಬಂದ ಮಗು ಎಲ್ಲಿ ನೀರು ಕುಡಿಯಬೇಕು, ಎಲ್ಲಿ ಮೂತ್ರ ವಿಸರ್ಜಿಸಬೇಕು ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಇನ್ನೂ ಒಂದು ಶತಮಾನವೇ ಹಿಡಿಯಿತು.

ಇಲ್ಲಿ ಒಂದು ವಿಷಯ ನೆನಪಾಗುತ್ತದೆ. ನಮ್ಮ ಶಿವನಸಮುದ್ರದ ಜಲಪಾತದಿಂದ 1902ರಲ್ಲಿ ವಿದ್ಯುತ್ತು ಹುಟ್ಟಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಈ ಸೀಮೆಯ ಕಾಡುಗಳಲ್ಲಿ ಬೆಳೆಯುವ ಶ್ರೀಗಂಧದಂಥ ಮರದ ಎಣ್ಣೆಯನ್ನು ತೆಗೆಯಲು 1916ರಲ್ಲಿ ಮೈಸೂರಿನಲ್ಲಿ ಕಾರ್ಖಾನೆಯಾಯಿತು; ಎರಡು ವರ್ಷಗಳಲ್ಲಿ ಬೆಂಗಳೂರಿನಲ್ಲಿ ಅದರ ಸಾಬೂನೂ ತಯಾರಾಗಿ ದೇಶದೇಶಗಳಿಗೆ ಹೋಯಿತು. ಹೊಳೆಯ ದಡದಲ್ಲಿ, ಗಂಧದ ಕಾಡಿನ ಅಡಿಯಲ್ಲಿ ಬೆಳೆದ ಮಗುವಿನ ಕೈಗೆ ಮಾತ್ರ ನೀರೂ ಸಾಬೂನೂ ಎಷ್ಟೋ ಕಾಲದವರೆಗೆ ತಲುಪಲಿಲ್ಲ.

1920ರ ದಶಕದಲ್ಲಿ ಅಮೆರಿಕೆಯ ರಾಕ್‌ಫೆಲರ್ ಪ್ರತಿಷ್ಠಾನವು ಮದರಾಸು ಪ್ರಾಂತದಲ್ಲಿ ಕೊಕ್ಕೆಹುಳುವಿನ ವಿರುದ್ಧ ಕೆಲಸ ಕೈಗೊಂಡಿತು. ಆ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನವೂ ಅದೇ ಪ್ರತಿಷ್ಠಾನದ ನೆರವಿನಿಂದ ತನ್ನ ಆರೋಗ್ಯ ಇಲಾಖೆಯನ್ನು ಹೊಸದಾಗಿ ರೂಪಿಸಿಕೊಂಡು ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವನ್ನು ತೆರೆಯಿತು. ಕೊಕ್ಕೆಹುಳುವಿನ ಕಥೆಯನ್ನು ವಾಚಕರು ಸ್ವಲ್ಪ ಗಮನಿಸಬೇಕು. ಜಂತುಹುಳುವಿನ ಮೊಟ್ಟೆ ಕೈಯ ಮೂಲಕ, ಉಗುರಿನ ಮೂಲಕ ಬಾಯಿಗೆ ಹೋಗುತ್ತದೆ. ಆದ್ದರಿಂದ ಕೈ ತೊಳೆದರೆ, ಉಗುರು ಕತ್ತರಿಸಿದರೆ ಅದನ್ನು ಬಹುಮಟ್ಟಿಗೆ ತಡೆಯಬಹುದು. ಕೊಕ್ಕೆಹುಳು ಹಾಗಲ್ಲ. ಮಲ ಬಿದ್ದ ತೇವದ ನೆಲದಲ್ಲಿ ಅದರ ಮರಿಗಳು ಕಾದಿದ್ದು ಬರಿಗಾಲಿನ ಅಂಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ರಕ್ತದಲ್ಲಿ ಸಾಗಿ, ಕಡೆಗೆ ಕರುಳಿನಲ್ಲಿ ನೆಲಸಿ ರಕ್ತ ಹೀರುತ್ತವೆ. ಮಗು ಬಿಳಿಚಿಕೊಳ್ಳುತ್ತದೆ, ಪಾಠದಲ್ಲಿ ತೂಕಡಿಸುತ್ತದೆ. ಮೇಷ್ಟರು ಅದನ್ನು ದಡ್ಡನೆನ್ನುತ್ತಾರೆ. ಈ ಹುಳುವಿನ ಮುಂದೆ ಮಗು ಎಷ್ಟು ಶ್ರದ್ಧೆಯಿಂದ ಕೈ ತೊಳೆದರೂ ಪ್ರಯೋಜನವಿಲ್ಲ. ಊರಿಗೆ ಶೌಚಾಲಯ ಬೇಕು, ಕಾಲಿಗೆ ಮೆಟ್ಟು ಬೇಕು. ಅಭ್ಯಾಸ ಕಲಿಸುವುದು ಮನೆಯದೋ ಶಾಲೆಯದೋ ಎಂಬ ವಾದದಲ್ಲಿ ಮುಳುಗಿದವರು ಅಭ್ಯಾಸವೊಂದರಿಂದಲೇ ನೀಗದ ರೋಗಗಳಿವೆಯೆಂಬುದನ್ನು ಮರೆಯುತ್ತಾರೆ.

ಇನ್ನು ಶಾಲೆಯ ಶುಚಿತ್ವದ ಪಾಠ ಹೇಗೆ ನಡೆಯುತ್ತಿದ್ದಿತೆಂಬುದಕ್ಕೆ ಈ ಲೇಖಕನೇ ಸಾಕ್ಷಿ. ನಾನು ಓದಿದ ಹಳ್ಳಿಯ ಶಾಲೆಯ ಹೆಸರು ಇಲ್ಲಿ ಬೇಡ. ಸೋಮವಾರ ಪ್ರಾರ್ಥನೆ ಮುಗಿದೊಡನೆ ನಾವು ಸಾಲಾಗಿ ನಿಂತು ಎರಡು ಕೈಗಳನ್ನೂ ಮುಂದೆ ಚಾಚಬೇಕಾಗಿದ್ದಿತು. ಉಗುರಿನಲ್ಲಿ ಕೊಳೆ ಕಂಡವರ ಬೆರಳ ಗೆಣ್ಣಿಗೆ ರೂಲುದೊಣ್ಣೆಯ ಪೆಟ್ಟು. ಅಂಗಿ ಕೊಳೆಯಾಗಿದ್ದವರು ಮನೆಗೆ ಹಿಂದಿರುಗಬೇಕು. ಒಮ್ಮೆ ಹೀಗೆ ಪೆಟ್ಟು ತಿಂದ ಹುಡುಗನೊಬ್ಬ, “ಮನೇಲಿ ನೀರೇ ಇಲ್ಲ ಮೇಷ್ಟ್ರೇ” ಎಂದನು. “ಕೆರೆಗೆ ಹೋಗೋಕೆ ಏನೋ ರೋಗ” ಎಂದರು ಮೇಷ್ಟರು. ಅದು ಬೇಸಿಗೆ, ಕೆರೆ ಬಿರುಕುಬಿಟ್ಟಿದ್ದುದು ಅವರಿಗೂ ಗೊತ್ತಿದ್ದಿತು. ಆ ಶಾಲೆಯಲ್ಲಿ ಕುಡಿಯುವ ನೀರಿಗೆ ಒಂದು ಮಣ್ಣಿನ ಗಡಿಗೆಯಿದ್ದಿತು, ಅದನ್ನು ಎಲ್ಲರೂ ಮುಟ್ಟುವಂತಿರಲಿಲ್ಲ. ಶೌಚಾಲಯವೆಂಬುದು ಇರಲೇ ಇಲ್ಲ. ಆರೋಗ್ಯದ ಪಾಠದಲ್ಲಿ ಶೌಚಾಲಯದ ಚಿತ್ರವಿದ್ದಿತು; ನಾವು ಅದನ್ನು ನೋಡಿ ನೋಟುಬುಕ್ಕಿನಲ್ಲಿ ಬರೆದುಕೊಂಡೆವು. ಅಂಗಿ ಕೊಳೆಯೆಂದು ಮನೆಗೆ ಕಳುಹಿಸಲ್ಪಟ್ಟವರಲ್ಲಿ ಕೆಲವರು ಮತ್ತೆ ಶಾಲೆಗೆ ಬರಲಿಲ್ಲ. ಅವರಿಗೆ ಇದ್ದುದೇ ಒಂದು ಅಂಗಿ. ನನ್ನ ಮೇಷ್ಟರು ಕೆಟ್ಟವರಾಗಿರಲಿಲ್ಲ. ಅವರಿಗೆ ಕಲಿಸಿದ್ದೂ ಹಾಗೆಯೇ. ಪರೀಕ್ಷಿಸುವುದನ್ನೇ ಕಲಿಸುವುದೆಂದು ಅವರು ಭಾವಿಸಿದ್ದರು.

ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ಮೂಲಶಿಕ್ಷಣದಲ್ಲಿ ಈ ದೋಷಕ್ಕೆ ಪರಿಹಾರದ ಬೀಜವಿದ್ದಿತು. ಅಲ್ಲಿ ಶಾಲೆಯನ್ನು ಗುಡಿಸುವುದು, ನೀರು ತರುವುದು, ಕಕ್ಕಸನ್ನು ಶುದ್ಧವಾಗಿಡುವುದು ಪಾಠದ ಅಂಗಗಳೇ ಆಗಿದ್ದುವು, ಮತ್ತು ಗುರುವೂ ಅದರಲ್ಲಿ ಕೈಜೋಡಿಸಬೇಕಾಗಿದ್ದಿತು. ನಮ್ಮಲ್ಲಿ ಆ ಪದ್ಧತಿ ಬೇರೂರಲಿಲ್ಲ. ಬೇರೂರದುದಕ್ಕೆ ಒಂದು ಕಾರಣ ಸ್ಪಷ್ಟ: ಗುಡಿಸುವ ಕೆಲಸವನ್ನು ಶಾಲೆಯಲ್ಲಿಯೂ ಒಂದೇ ಕೇರಿಯ ಮಕ್ಕಳಿಗೆ ಹಚ್ಚುವ ಚಾಳಿ ನಮ್ಮಿಂದ ಬಿಟ್ಟುಹೋಗಲಿಲ್ಲ.

ಗಾಂಧೀಜಿಯವರ ಆ ಪದ್ಧತಿ ಶಾಲೆಗಳಲ್ಲಿ ನಿಲ್ಲದಿದ್ದರೂ ಅದನ್ನು ಹೋಲುವ ದಿನಚರಿ ನಡೆದ ಜಾಗವೊಂದು ನಮ್ಮ ಸೀಮೆಯವರಿಗೆ ಪರಿಚಿತವೇ. ಅದು ವಿದ್ಯಾರ್ಥಿನಿಲಯ. ಸುತ್ತೂರು ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು 1940ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಹಳ್ಳಿಯ ಹುಡುಗರಿಗಾಗಿ ಉಚಿತ ಪ್ರಸಾದನಿಲಯವನ್ನು ತೆರೆದರು. 1954ರಲ್ಲಿ ಮಹಾವಿದ್ಯಾಪೀಠವು ಸ್ಥಾಪಿತವಾಯಿತು. ಮಠಗಳ ಇಂತಹ ನಿಲಯಗಳಲ್ಲಿ ಓದಿದವರನ್ನು ಕೇಳಿನೋಡಿ. ನಸುಕಿನಲ್ಲಿ ಏಳುವುದು, ಸ್ನಾನ, ವಿಭೂತಿ, ಪ್ರಾರ್ಥನೆ, ತನ್ನ ತಟ್ಟೆಯನ್ನು ತಾನೇ ತೊಳೆದಿಡುವುದು, ಸರದಿಯಂತೆ ಕೋಣೆ ಗುಡಿಸುವುದು. ಇವೆಲ್ಲ ಅಲ್ಲಿ ಯಾರೂ ಉಪನ್ಯಾಸ ಮಾಡದೆಯೇ ಮೈಗೂಡಿದುವೆಂದು ಅವರು ಹೇಳುತ್ತಾರೆ. ಬಚ್ಚಲೂ ನೀರೂ ಹೊತ್ತೂ ಮೂರೂ ಒಂದೆಡೆ ಸೇರಿದ್ದರಿಂದ ಹೀಗಾಯಿತಲ್ಲದೆ ಆ ಹುಡುಗರು ಮಿಕ್ಕವರಿಗಿಂತ ಜಾಣರಾಗಿದ್ದರೆಂದಲ್ಲ. ರಜೆಯಲ್ಲಿ ಊರಿಗೆ ಹೋದಾಗ ಇದೇ ಹುಡುಗರು ಮತ್ತೆ ಹಳೆಯ ರೂಢಿಗೆ ಇಳಿದದ್ದೂ ಉಂಟು. ನಿಲಯಗಳೆಲ್ಲವೂ ಹೀಗೆ ಅಚ್ಚುಕಟ್ಟಾಗಿದ್ದುವೆಂದು ಹೇಳಲಾರೆ. ತಿಗಣೆಗೂ ಕಜ್ಜಿಗೂ ಹೆಸರಾದ ನಿಲಯಗಳು ಇದ್ದೇ ಇದ್ದುವು.

ಶಾಲೆಗೂ ಮುನ್ನಿನ ವಯಸ್ಸಿನ ಮಕ್ಕಳ ವಿಷಯದಲ್ಲಿ 1975 ಒಂದು ಮುಖ್ಯ ವರ್ಷ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆ ವರ್ಷದ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ನಮ್ಮ ನೆರೆಯ ತಿರುಮಕೂಡಲು ನರಸೀಪುರ. ಅಂಗನವಾಡಿಯ ಕಾರ್ಯಕರ್ತೆ ಆ ಊರಿನವಳೇ ಆದ ಹೆಣ್ಣುಮಗಳು. ಮಗುವಿನ ಮೂಗು ಒರೆಸಿ, ಕೈ ತೊಳೆಸಿ, ಸಂಜೆ ಅದರ ತಾಯಿಯೊಡನೆ ಜಗಲಿಯಲ್ಲಿ ಕುಳಿತು ಮಾತನಾಡಬಲ್ಲವಳು. ಮನೆಯೋ ಶಾಲೆಯೋ ಎಂಬ ವಾದ ಹುಟ್ಟದಂತೆ ನಡುವೆ ನಿಂತವಳು ಅವಳು. ಸಂಬಳದ ಬದಲು ಗೌರವಧನವೆಂಬ ಹೆಸರಿನಲ್ಲಿ ಅವಳಿಗೆ ಸಲ್ಲುತ್ತ ಬಂದುದು ಅಲ್ಪ. ಅವಳ ಮೇಲೆ ಹೊರಿಸಿದ ಕೆಲಸಗಳ ಪಟ್ಟಿ ಮಾತ್ರ ವರ್ಷವರ್ಷಕ್ಕೆ ಬೆಳೆಯಿತು.

ಬೆಟ್ಟದ ಕಡೆಗೆ ಬಂದರೆ ಪ್ರಶ್ನೆಯ ಸ್ವರೂಪವೇ ಬೇರೆಯಾಗುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಮಲೆಮಹದೇಶ್ವರ ಬೆಟ್ಟದ ಕಾಡಿನಲ್ಲಿಯೂ ಸೋಲಿಗರು ಪೋಡುಗಳಲ್ಲಿ ವಾಸಿಸಿದವರು. ತುಂಡು ನೆಲವನ್ನು ಕೆಲವು ವರ್ಷ ಉತ್ತು, ಅದನ್ನು ಬಿಟ್ಟು ಮುಂದಕ್ಕೆ ಸಾಗುತ್ತಿದ್ದರು. ಕೆಲವೇ ಮನೆಗಳು, ಹರಿಯುವ ಹಳ್ಳ, ಸುತ್ತ ವಿಶಾಲವಾದ ಕಾಡು. ಅಂತಹ ಬಾಳಿನಲ್ಲಿ ಬಯಲುಶೌಚವು ಯಾರಿಗೂ ಕೇಡು ಮಾಡಲಿಲ್ಲ. 1974ರಲ್ಲಿ ಬಿಳಿಗಿರಿಯ ಕಾಡು ವನ್ಯಜೀವಿಧಾಮವೆನಿಸಿ, ಜನರನ್ನು ಒಂದೇ ಕಡೆ ನೆಲೆಯೂರಿಸಿದ ಮೇಲೆ ಹಳೆಯ ಅಭ್ಯಾಸವೇ ರೋಗಕ್ಕೆ ದಾರಿಯಾಯಿತು. ಜನ ಬದಲಾಗಿರಲಿಲ್ಲ, ಅವರ ನೆಲ ಬದಲಾಗಿತ್ತು. ಇದನ್ನು ಅರಿಯದೆ ‘ಕಾಡುಜನರಿಗೆ ಶುಚಿತ್ವ ತಿಳಿಯದು’ ಎಂದವರ ಮಾತು ಅನ್ಯಾಯದ ಮಾತು. ಡಾಕ್ಟರ್ ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ, ವೈದ್ಯದಿಂದ ಆರಂಭಿಸಿ ಶಾಲೆಗೆ ಬಂದರು. ಆಸ್ಪತ್ರೆ, ಶಾಲೆ, ವಿದ್ಯಾರ್ಥಿನಿಲಯಗಳು ಒಂದೇ ಆವರಣದಲ್ಲಿದ್ದು ದಾದಿಯೂ ಉಪಾಧ್ಯಾಯರೂ ಮಗುವಿನ ತಾಯಿಯನ್ನು ಬಲ್ಲವರಾಗಿದ್ದುದು ಅಲ್ಲಿಯ ವಿಶೇಷ. 1994ರಲ್ಲಿ ಆ ಕಾರ್ಯಕ್ಕೆ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು. ಹನೂರಿನ ಕಡೆ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯ ಭಗಿನಿಯರನ್ನು ನೆನೆಯದೆ ಈ ಭಾಗದ ಆರೋಗ್ಯದ ಮಾತು ಮುಗಿಯದು. ವೈದ್ಯರಿಲ್ಲದ ಊರುಗಳ ತಾಯಂದಿರು ವಾಂತಿಭೇದಿಯ ಮಕ್ಕಳನ್ನು ಹೊತ್ತು ಅಲ್ಲಿಗೇ ಓಡಿದರು.

ಹೀಗೆ ಅಲ್ಲೊಂದು ಇಲ್ಲೊಂದು ನಡೆದದ್ದು ಎಲ್ಲ ಮಕ್ಕಳ ಪಾಲಿಗೆ ಬರಲು ಕಾರಣವಾದದ್ದು ಆರೋಗ್ಯದ ಪಾಠವಲ್ಲ, ಊಟ. ಕೊಳ್ಳೇಗಾಲವು ಮದರಾಸಿನಿಂದ ಬೇರ್ಪಟ್ಟ 1956ರಲ್ಲಿಯೇ ಅಲ್ಲಿನ ಮುಖ್ಯಮಂತ್ರಿ ಕಾಮರಾಜರು ಶಾಲೆಯ ಮಧ್ಯಾಹ್ನದ ಊಟದ ಯೋಜನೆಯನ್ನು ಆರಂಭಿಸಿದರು. ಕನ್ನಡನಾಡಿನ ಆಡಳಿತಕ್ಕೆ ಸೇರಿದ ಸಂತೋಷದಲ್ಲಿ ನಮ್ಮ ಮಕ್ಕಳು ಆ ಅನ್ನವನ್ನು ಕಳೆದುಕೊಂಡರು. ಕರ್ನಾಟಕದಲ್ಲಿ ಬಿಸಿಯೂಟದ ‘ಅಕ್ಷರ ದಾಸೋಹ’ ಮೊದಲು 2002ರಲ್ಲಿ ಈಶಾನ್ಯದ ಜಿಲ್ಲೆಗಳಿಗೂ ಮರುವರ್ಷ ಉಳಿದೆಡೆಗಳಿಗೂ ಬಂದಿತು. ಶರಣರ ಮಾತೊಂದು ಸರ್ಕಾರದ ಯೋಜನೆಯ ಹೆಸರಾದುದು ನಮಗೆ ಹೆಮ್ಮೆಯ ವಿಷಯ. ಊಟ ಬಂದ ಮೇಲೆ ತಟ್ಟೆ ತೊಳೆಯಬೇಕು, ಕೈ ತೊಳೆಯಬೇಕು. ಅದಕ್ಕೆ ನೀರು ಬೇಕೇ ಬೇಕು. ದಿನವೂ ಒಂದೇ ಹೊತ್ತಿಗೆ, ಎಲ್ಲ ಜಾತಿಯ ಮಕ್ಕಳೂ ಒಂದೇ ನಲ್ಲಿಯ ಮುಂದೆ ಸಾಲು ನಿಲ್ಲುವಂತಾಯಿತು. ನೂರು ವರ್ಷಗಳ ಉಗುರು ಪರೀಕ್ಷೆ ಮಾಡಲಾರದ್ದನ್ನು ಈ ಸಾಲು ಮಾಡಿತೆಂದು ನನ್ನ ನಂಬಿಕೆ. ನಲ್ಲಿಯಿಲ್ಲದ ಶಾಲೆಗಳಲ್ಲಿ, ಅಡುಗೆಯವರ ಜಾತಿ ಕೇಳಿ ಮಕ್ಕಳನ್ನು ಬಿಡಿಸಿದ ಊರುಗಳಲ್ಲಿ, ಇದು ಅಷ್ಟು ಸುಗಮವಾಗಿ ಸಾಗಲಿಲ್ಲವೆಂಬುದನ್ನೂ ಹೇಳಬೇಕು.

ನಂತರದ ಕಾಯಿದೆಗಳು ಇದೇ ದಾರಿ ಹಿಡಿದುವು. 2009ರ ಶಿಕ್ಷಣ ಹಕ್ಕು ಕಾಯಿದೆಯು ಪ್ರತಿಯೊಂದು ಶಾಲೆಯಲ್ಲಿಯೂ ಶುದ್ಧವಾದ ಕುಡಿಯುವ ನೀರೂ ಗಂಡುಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯಗಳೂ ಇರಬೇಕೆಂದು ವಿಧಿಸಿತು. ಆರು ತಿಂಗಳೊಳಗೆ ಅವು ಆಗಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಆಜ್ಞಾಪಿಸಬೇಕಾಯಿತೆಂದರೆ ಕಾಯಿದೆ ಎಷ್ಟರಮಟ್ಟಿಗೆ ನಡೆದಿದ್ದಿತೆಂಬುದನ್ನು ತಾವೇ ಊಹಿಸಬಹುದು. 2015ರಿಂದ ಫೆಬ್ರವರಿ 10ರಂದು ಶಾಲೆ ಅಂಗನವಾಡಿಗಳಲ್ಲಿ ಜಂತುಹುಳುವಿನ ಮಾತ್ರೆ ನುಂಗಿಸುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಮತ್ತೆ ಹೊಗದಂತೆ ತಡೆಯಲಾರದು. ಹಾಗಾಗಿ ಅದನ್ನು ಮತ್ತೆ ಮತ್ತೆ ಕೊಡಬೇಕಾಗಿದೆ.

ಮನೆಯನ್ನು ಪೂರ್ತಿ ಬದಿಗಿಡಬಹುದೆಂದು ಇದರಿಂದ ಯಾರೂ ತಿಳಿಯಬಾರದು. ಪಾಕಿಸ್ತಾನದ ಕರಾಚಿ ನಗರದ ಬಡ ಬಡಾವಣೆಗಳಲ್ಲಿ ಮನೆಮನೆಗೂ ಸಾಬೂನು ಕೊಟ್ಟು, ವಾರವಾರವೂ ಭೇಟಿಯಿತ್ತು ಕೈ ತೊಳೆಯುವುದನ್ನು ರೂಢಿಸಿದಾಗ ಮಕ್ಕಳ ಅತಿಸಾರ ಅರ್ಧಕ್ಕಿಂತ ಕಡಿಮೆಯಾಯಿತೆಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅತಿಸಾರದಿಂದ ಹೆಚ್ಚಾಗಿ ಸಾಯುವವರು ಐದು ವರ್ಷದೊಳಗಿನ ಕೂಸುಗಳು. ಅವು ಶಾಲೆಯ ಮುಖವನ್ನೇ ಕಂಡಿರುವುದಿಲ್ಲ. ಅವುಗಳ ಪಾಲಿಗೆ ಮನೆಯೊಂದೇ ಗತಿ. ಆದರೆ ಕರಾಚಿಯ ತಾಯಂದಿರಿಗೆ ಬರಿಯ ಬುದ್ಧಿವಾದ ಹೇಳಲಿಲ್ಲ, ಸಾಬೂನನ್ನೂ ಕೊಟ್ಟರು ಎಂಬುದನ್ನು ಮರೆಯಬಾರದು. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ನೂರಕ್ಕೆ 75 ದಾಟಿದ್ದಾಗ ಚಾಮರಾಜನಗರ ಜಿಲ್ಲೆಯದು ಸುಮಾರು 61ರಷ್ಟಿದ್ದಿತು. ಅನುಪಮಾ ನಿರಂಜನ ಅವರು ‘ತಾಯಿ-ಮಗು’ವಿನಂಥ ಪುಸ್ತಕವನ್ನು ಕನ್ನಡದ ತಾಯಂದಿರಿಗೆಂದೇ ಬರೆದರು, ನಮ್ಮ ಸೀಮೆಯ ಎಷ್ಟೋ ತಾಯಂದಿರಿಗೆ ಅದನ್ನು ಓದಿ ಹೇಳಬೇಕಾದವಳು ಶಾಲೆಗೆ ಹೋದ ಮಗಳೇ.

ಮಗಳ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇನೆ. ಹುಡುಗಿ ದೊಡ್ಡವಳಾದಾಗ ಬೇಕಾದ ಶುಚಿತ್ವದ ತಿಳಿವಳಿಕೆಯನ್ನು ತಾಯಿ ಸಂಕೋಚದಿಂದ ಹೇಳಲಿಲ್ಲ. ಮೇಷ್ಟರು ಆ ಪಾಠದ ಪುಟಗಳನ್ನು ಮಗುಚಿ ಮುಂದೆ ಹೋದರು. ಹೊರಗೆ ಕೂರಿಸುವ ಪದ್ಧತಿ ಒಂದು ಕಡೆ, ಶಾಲೆಯಲ್ಲಿ ಶೌಚಾಲಯವಿಲ್ಲದಿರುವುದು ಇನ್ನೊಂದು ಕಡೆ. ಎಷ್ಟೋ ಹುಡುಗಿಯರ ಓದು ಏಳನೆಯ ತರಗತಿಗೆ ನಿಂತಿತು. ರಾಜ್ಯ ಸರ್ಕಾರದ ‘ಶುಚಿ’ ಯೋಜನೆ ಈ ಮೌನವನ್ನು ಸ್ವಲ್ಪ ಮುರಿಯಿತು. ರಜಸ್ಸೂತಕವನ್ನು ಎಂಟು ಶತಮಾನಗಳ ಹಿಂದೆಯೇ ತಳ್ಳಿಹಾಕಿದ ಪರಂಪರೆಯವರಾದ ನಾವು ಈ ವಿಷಯದಲ್ಲಿ ಮಿಕ್ಕವರಿಗಿಂತ ಮುಂದಿರಬೇಕಾಗಿದ್ದಿತು. ಇರಲಿಲ್ಲ.

ಹಾಗಾದರೆ ಹೊಣೆ ಯಾರದು? ಈ ಸೀಮೆಯ ಚರಿತ್ರೆಯನ್ನು ನೋಡಿದ ಮೇಲೆ ನನ್ನ ಅಭಿಪ್ರಾಯ ಹೀಗಿದೆ. ಅಭ್ಯಾಸದ ಮೊದಲ ಎಳೆ ತಾಯಿಯ ಕೈಯಿಂದಲೇ ಬರಬೇಕು, ತಂದೆಯೂ ಆ ಕೈಗೆ ಕೈ ಸೇರಿಸಬೇಕು. ಆದರೆ ಪ್ರಶ್ನೆಯನ್ನು ಒತ್ತಿ ಕೇಳಿದರೆ ಹೆಚ್ಚಿನ ಭಾರವನ್ನು ನಾನು ಶಾಲೆಯ ಮೇಲೆಯೇ ಹೊರಿಸುತ್ತೇನೆ. ಮನೆಗೆ ನೀರನ್ನು ಒದಗಿಸದೆ ಮನೆಯನ್ನು ಹಳಿದವರು ನಾವು. ಶಾಲೆಗಾದರೋ ಊರಿನವರೆಲ್ಲರ ಹಣವಿದೆ, ಕಾಯಿದೆಯ ಬಲವಿದೆ, ಎಲ್ಲ ಕೇರಿಗಳ ಮಕ್ಕಳನ್ನೂ ಒಂದೇ ನಲ್ಲಿಗೆ ತರುವ ಅಧಿಕಾರವಿದೆ. ಆ ಅಧಿಕಾರ ಯಾವ ಮನೆಗೂ ಇಲ್ಲ. ಶಾಲೆ ಮೊದಲು ನೀರು ಕೊಡಲಿ, ಆಮೇಲೆ ಉಗುರು ನೋಡಲಿ.

ಇದರಲ್ಲಿ ಒಂದು ತೊಡಕು ಉಳಿದಿದೆ. 2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕದ ಕಾರಣ ಶಾಲೆಗಳು ಮುಚ್ಚಿದಾಗ ದೇಶವೆಲ್ಲ ಕೈ ತೊಳೆಯಿರಿ ಎಂದು ಸಾರುತ್ತಿದ್ದಿತು. ಜೂನ್ ತಿಂಗಳವರೆಗೂ ಒಂದೂ ಪ್ರಕರಣವಿಲ್ಲದ ಜಿಲ್ಲೆಯೆಂದು ಚಾಮರಾಜನಗರವು ಹೆಸರು ಪಡೆಯಿತು. ಆ ತಿಂಗಳುಗಳಲ್ಲಿ ಮಕ್ಕಳ ಕೈಗೆ ಶಾಲೆಯ ನಲ್ಲಿ ಇರಲಿಲ್ಲ, ಬಿಸಿಯೂಟದ ಸಾಲು ಇರಲಿಲ್ಲ. ಎಲ್ಲವೂ ಮತ್ತೆ ಮನೆಯ ಕೊಡಕ್ಕೇ ಬಂದು ನಿಂತಿತು. ಸಾಂಕ್ರಾಮಿಕವಿಲ್ಲದ ವರ್ಷಗಳಲ್ಲಿಯೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಲೆಗೆ ಬೇಸಿಗೆಯ ರಜೆ. ಹನೂರಿನ ಕಡೆಯ ಬಾವಿಗಳು ತಳ ಕಾಣುವುದೂ ಆ ತಿಂಗಳುಗಳಲ್ಲಿಯೇ.